ಓರಿಯಂಟೀರಿಂಗ್: ವಸಂತದ ಮೊದಲ ರೇಸಿಗೆ ಒಂದು ವಾರದ ತಯಾರಿ

ಓರಿಯಂಟೀರಿಂಗ್ ಎಂದರೆ ಮ್ಯಾಪ್, ಕಂಪಾಸ್ ಹಿಡಿದು ಕಂಟ್ರೋಲ್ ಎಂಬ ಬಾವುಟ ಇಟ್ಟ ಜಾಗಗಳನ್ನು ಕ್ರಮವಾಗಿ ಹುಡುಕುತ್ತಾ ಓಡುವ ಆಟ. ಚಳಿಗಾಲ ಪೂರ್ತಿ ಓಡಿ ಕಾಲು ಗಟ್ಟಿಯಾಗಿರುತ್ತದೆ, ಉಸಿರೂ ಚೆನ್ನಾಗಿರುತ್ತದೆ. ಆದರೆ ಮ್ಯಾಪ್ ಕೈಯಲ್ಲಿ ಹಿಡಿದು ತಿಂಗಳುಗಳೇ ಕಳೆದಿರುತ್ತವೆ. ವಸಂತದ ಮೊದಲ ರೇಸಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಕಾಲು ಮುಂದೆ ಹೋಗುತ್ತದೆ, ಕಣ್ಣು ಹಿಂದೆ ಉಳಿಯುತ್ತದೆ, ಒಂದನೇ ಕಂಟ್ರೋಲನ್ನೇ ದಾಟಿ ಎಲ್ಲೋ ಕಾಡಿನ ನಡುವೆ ನಿಂತು ಸುತ್ತಮುತ್ತ ನೋಡುವಷ್ಟರಲ್ಲಿ ಐದು ನಿಮಿಷ ಮಾಯ. 5 ಕಿಲೋಮೀಟರ್ ಕೋರ್ಸಿನಲ್ಲಿ ಆ ಐದು ನಿಮಿಷವನ್ನು ಬರೀ ಓಟದಿಂದ ತುಂಬಿಕೊಳ್ಳಬೇಕಾದರೆ ಕಿಲೋಮೀಟರಿಗೆ ಒಂದು ನಿಮಿಷ ಜಾಸ್ತಿ ವೇಗ ಬೇಕು. ಆಗುತ್ತಾ? ಆಗಲ್ಲ.

ಹಾಗಾಗಿ ರೇಸಿನ ವಾರದಲ್ಲಿ ನನ್ನ ಸಲಹೆ ಒಂದೇ. ಕಿಲೋಮೀಟರ್ ಕಡಿಮೆ ಮಾಡಿ, ಮ್ಯಾಪ್ ಹಿಡಿಯುವ ಹೊತ್ತು ಜಾಸ್ತಿ ಮಾಡಿ. ಒಂದು ವಾರದಲ್ಲಿ ಸ್ಟ್ಯಾಮಿನಾ ಬೆಳೆಯುವುದಿಲ್ಲ, ಸುಸ್ತು ಮಾತ್ರ ಬೆಳೆಯುತ್ತದೆ. ಮ್ಯಾಪ್ ಓದುವ ಚುರುಕು ಹಾಗಲ್ಲ. ನಾಲ್ಕೈದು ದಿನ ಬಿಡದೆ ಅಭ್ಯಾಸ ಮಾಡಿದರೆ ಅದು ಮರಳಿ ಬರುತ್ತದೆ.

ಇಲ್ಲಿ ಹೇಳುವುದು ಬುಧವಾರ ಸಂಜೆ ಕಟ್ಟಡ, ಓಣಿಗಳ ನಡುವೆ ಓಡುವ ಒಂದು ಸಣ್ಣ ಸ್ಪ್ರಿಂಟ್, ಶನಿವಾರ ಮಧ್ಯಮ ದೂರದ ಮಿಡ್ಲ್, ಭಾನುವಾರ ಹೆಚ್ಚು ದೂರದ ಲಾಂಗ್, ಹೀಗೊಂದು ವಾರದ ಲೆಕ್ಕ. ವಸಂತದ ದೊಡ್ಡ ಕೂಟಗಳು ಹೆಚ್ಚುಕಮ್ಮಿ ಇದೇ ರೀತಿ ಇರುತ್ತವೆ. ಬ್ರಿಟನ್ನಿನಲ್ಲಿ ಈಸ್ಟರ್ ರಜೆಯಲ್ಲಿ ನಡೆಯುವ, ಎಲ್ಲರೂ ಜೆಕೆ ಎಂದೇ ಕರೆಯುವ ಕೂಟದಲ್ಲಿ ಮೊದಲ ದಿನ ಸ್ಪ್ರಿಂಟ್, ಆಮೇಲೆ ಮಿಡ್ಲ್, ಲಾಂಗ್, ಕೊನೆಗೆ ರಿಲೇ. ಸ್ವೀಡನ್ನಿನ ಟಿಯೋಮಿಲಾ ಇನ್ನೂ ಒಂದು ಹೆಜ್ಜೆ ಮುಂದೆ. ಅದು ರಾತ್ರಿಯಿಡೀ ನಡೆಯುವ ಹತ್ತು ಜನರ ರಿಲೇ. ಹೊಸಬರು ಅಲ್ಲಿಂದ ಶುರು ಮಾಡಬೇಕಿಲ್ಲ. ನೀವು ಒಂದೆರಡು ಸುಲಭ ಕೋರ್ಸ್ ಮುಗಿಸಿದ್ದೀರಿ, ಕಂಪಾಸ್ ಹಿಡಿಯಲು ಬರುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ.

ಸೋಮವಾರ: ಕುರ್ಚಿಯಲ್ಲೇ ತರಬೇತಿ

ಇವತ್ತು ಓಟ ಇಲ್ಲ. ಮೊದಲು ಆಯೋಜಕರು ಹಾಕಿರುವ ರೇಸಿನ ಮಾಹಿತಿಯನ್ನು ಪೂರ್ತಿ ಓದಿ. ಯಾರೂ ಓದುವುದಿಲ್ಲ, ಆಮೇಲೆ ಸ್ಟಾರ್ಟಿನಲ್ಲಿ ನಿಂತು ಪಕ್ಕದವರನ್ನು ಕೇಳುತ್ತಾರೆ. ಮ್ಯಾಪಿನ ಸ್ಕೇಲ್ ಎಷ್ಟು, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ರೇಖೆಗಳ ನಡುವಿನ ಎತ್ತರದ ಅಂತರ ಎಷ್ಟು, ಕಂಟ್ರೋಲಿಗೆ ಬಂದದ್ದನ್ನು ಕಾರ್ಡಿನಲ್ಲಿ ದಾಖಲಿಸುವ ಪಂಚಿಂಗ್ ಯಾವ ಬಗೆಯದು, ಗಾಡಿ ನಿಲ್ಲಿಸುವ ಜಾಗದಿಂದ ಸ್ಟಾರ್ಟಿಗೆ ಎಷ್ಟು ನಡೆಯಬೇಕು, ಯಾವ ಪ್ರದೇಶಕ್ಕೆ ಹೋಗುವಂತಿಲ್ಲ, ಕೋರ್ಸ್ ಮುಚ್ಚುವುದು ಎಷ್ಟು ಗಂಟೆಗೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ವಸಂತವೆಂದರೆ ಹಕ್ಕಿಗಳು ಗೂಡು ಕಟ್ಟುವ, ಪ್ರಾಣಿಗಳು ಮರಿ ಹಾಕುವ ಕಾಲ. ಅದಕ್ಕಾಗಿ ಕಾಡಿನ ಕೆಲವು ಭಾಗ ಮುಚ್ಚಿರುತ್ತಾರೆ. ಮ್ಯಾಪಿನಲ್ಲಿ ಅದು ನೇರಳೆ ಗೆರೆಗಳಲ್ಲಿ ಇರುತ್ತದೆ. ಅಡ್ಡದಾರಿ ಎಂದು ಒಳಗೆ ನುಗ್ಗಿದರೆ ನಿಮ್ಮ ಫಲಿತಾಂಶ ರದ್ದು.

ಸ್ಕೇಲ್ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಒಂದೇ ವಾರದಲ್ಲಿ ಮೂರು ಸ್ಕೇಲ್ ಕೈಗೆ ಬರಬಹುದು. ಸ್ಪ್ರಿಂಟ್ ಮ್ಯಾಪ್ ಸಾಮಾನ್ಯವಾಗಿ 1:4000, ಅಂದರೆ 1 ಸೆಂಟಿಮೀಟರಿಗೆ ನೆಲದಲ್ಲಿ 40 ಮೀಟರ್. ಮಿಡ್ಲ್ 1:10000, ಅದೇ 1 ಸೆಂಟಿಮೀಟರ್ ಈಗ 100 ಮೀಟರ್. ಲಾಂಗ್ 1:15000 ಆದರೆ 150 ಮೀಟರ್. ಹಿರಿಯ ವಯಸ್ಸಿನ ವರ್ಗಗಳಿಗೆ ಓದಲು ಸುಲಭವಾಗಲೆಂದು ಮ್ಯಾಪನ್ನು ದೊಡ್ಡದು ಮಾಡಿ ಕೊಡುವುದೂ ಉಂಟು. ಬುಧವಾರ ಸ್ಪ್ರಿಂಟ್ ಓಡಿದ ಹೆಬ್ಬೆರಳಿಗೆ ಶನಿವಾರ ಎಲ್ಲವೂ ತೀರಾ ತಡವಾಗಿ ಬಂದಂತೆ ಅನ್ನಿಸುತ್ತದೆ. ಮಿಡ್ಲ್‌ನಿಂದ ಲಾಂಗಿಗೆ ಹೋದಾಗಲೂ ಹಾಗೇ: ಕಂಟ್ರೋಲ್ ಇಲ್ಲೇ ಇರಬೇಕಿತ್ತಲ್ಲ ಎಂದು ಬೇಗ ಹುಡುಕಲು ಶುರು ಮಾಡುತ್ತೀರಿ, ಅದು ಇನ್ನೂ ನೂರು ಮೀಟರ್ ಮುಂದಿರುತ್ತದೆ.

ಇನ್ನು ಹಳೆಯ ಮ್ಯಾಪ್. ರೇಸ್ ಘೋಷಣೆಯಾದ ಮೇಲೆ ಆ ಕಾಡಿಗೆ ಅಭ್ಯಾಸಕ್ಕೆಂದು ಹೋಗುವಂತಿಲ್ಲ, ಅದು ಎಲ್ಲರಿಗೂ ನಿಷಿದ್ಧ. ಆದರೆ ಅದೇ ಕಾಡಿನ ಹಳೆಯ ಮ್ಯಾಪ್ ಸಿಕ್ಕಿದರೆ ನೋಡಲು ಸಾಮಾನ್ಯವಾಗಿ ಅಡ್ಡಿ ಇಲ್ಲ. ಸಿಗದಿದ್ದರೆ ಅದೇ ಬಗೆಯ ನೆಲದ ಯಾವ ಮ್ಯಾಪಾದರೂ ಸಾಕು. ಅದರಲ್ಲಿ ಒಂದು ಹಳೆಯ ಕೋರ್ಸ್ ತೆಗೆದುಕೊಂಡು ಪ್ರತಿ ಲೆಗ್ಗಿಗೂ, ಅಂದರೆ ಒಂದು ಕಂಟ್ರೋಲಿನಿಂದ ಮುಂದಿನದರವರೆಗಿನ ತುಂಡಿಗೂ, ಮೂರು ಪ್ರಶ್ನೆಗೆ ಬಾಯಿಬಿಟ್ಟು ಉತ್ತರ ಹೇಳಿ. ಕಂಟ್ರೋಲ್ ಹತ್ತಿರ ಖಚಿತವಾಗಿ ಗುರುತು ಹಿಡಿಯಬಹುದಾದ ಜಾಗ, ಅಂದರೆ ಅಟ್ಯಾಕ್ ಪಾಯಿಂಟ್ ಯಾವುದು? ಅಲ್ಲಿಗೆ ಹೋಗುವಾಗ ದಾರಿಯಲ್ಲಿ ಏನೇನು ಕಾಣಬೇಕು? ಕಂಟ್ರೋಲ್ ದಾಟಿ ಹೋದರೆ ಯಾವುದು ನನ್ನನ್ನು ತಡೆಯುತ್ತದೆ? ಮೂರನೆಯದಕ್ಕೆ ಉತ್ತರ ಸಿಗದ ಲೆಗ್ಗುಗಳೇ ರೇಸಿನಲ್ಲಿ ಕೈಕೊಡುವ ಲೆಗ್ಗುಗಳು. ಜೋರಾಗಿ ಹೇಳಿ ಅಂದಿದ್ದು ತಮಾಷೆಗಲ್ಲ. ಮನಸ್ಸಿನಲ್ಲೇ ಹೇಳಿಕೊಂಡರೆ ಅರ್ಧ ಉತ್ತರಕ್ಕೇ ತೃಪ್ತಿಯಾಗಿ ಮುಂದೆ ಹೋಗಿಬಿಡುತ್ತೇವೆ.

ಬಣ್ಣಗಳನ್ನೂ ಒಮ್ಮೆ ನೆನಪು ಮಾಡಿಕೊಳ್ಳಿ. ಬಿಳಿ ಎಂದರೆ ಖಾಲಿ ಜಾಗ ಅಲ್ಲ, ಸಲೀಸಾಗಿ ಓಡಬಹುದಾದ ಕಾಡು. ಬಯಲಿಗೆ ಹಳದಿ. ಹಸಿರು ಗಾಢವಾದಷ್ಟೂ ಪೊದೆ ದಟ್ಟ. ನೀಲಿ ನೀರು, ಕಂದು ನೆಲದ ಏರಿಳಿತ, ಕಪ್ಪು ಬಂಡೆ, ದಾರಿ, ಕಟ್ಟಡ.

ಮಂಗಳವಾರ: ಕಾಡಿನಲ್ಲಿ, ನಿಧಾನವಾಗಿ

ವಾರದ ಅತಿ ಮುಖ್ಯ ದಿನ ಇದು. ಶನಿವಾರಕ್ಕಿಂತಲೂ ಮುಖ್ಯ ಎಂದರೂ ತಪ್ಪಿಲ್ಲ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಯಾವುದಾದರೂ ಮ್ಯಾಪ್ ಇರುವ, ಹೋಗಲು ಅನುಮತಿ ಇರುವ ಕಾಡು. ವೇಗದ ಹಂಗೇ ಬೇಡ, ನಡೆದರೂ ಸರಿ.

ಮೊದಲ ಕಾಲು ಗಂಟೆ ಹೆಬ್ಬೆರಳಿನ ಅಭ್ಯಾಸ. ಮ್ಯಾಪನ್ನು ಅಂಗೈಯಷ್ಟಕ್ಕೆ ಮಡಚಿ, ನೀವಿರುವ ಜಾಗದ ಪಕ್ಕಕ್ಕೆ ಹೆಬ್ಬೆರಳು ಇಡಿ. ಮುಂದೆ ಹೋದಂತೆ ಬೆರಳೂ ಮುಂದೆ ಸರಿಯಬೇಕು. ತಿರುಗಿದಾಗ ಮ್ಯಾಪ್ ನಿಮ್ಮ ಜೊತೆ ತಿರುಗಬಾರದು. ಮ್ಯಾಪಿನ ಉತ್ತರ ಯಾವಾಗಲೂ ನೆಲದ ಉತ್ತರಕ್ಕೇ ಇರಬೇಕು, ನೀವು ಮಾತ್ರ ಅದರ ಸುತ್ತ ತಿರುಗಬೇಕು. ಓರಿಯಂಟೀರಿಂಗ್ ಮ್ಯಾಪಿನ ಉತ್ತರ ರೇಖೆಗಳನ್ನು ಕಾಂತೀಯ ಉತ್ತರಕ್ಕೇ ಹೊಂದಿಸಿ ಎಳೆದಿರುತ್ತಾರೆ, ಹಾಗಾಗಿ ಯಾವ ತಿದ್ದುಪಡಿ ಲೆಕ್ಕವೂ ಬೇಡ. ಕಂಪಾಸ್ ಮುಳ್ಳಿನ ಕೆಂಪು ತುದಿ ಆ ರೇಖೆಗಳಿಗೆ ಸಮಾನಾಂತರವಾಗಿ ಉತ್ತರದ ಕಡೆ ನಿಂತರೆ ಮ್ಯಾಪ್ ಸರಿಯಾಗಿದೆ ಎಂದು ಅರ್ಥ, ಅಷ್ಟೇ.

ಎರಡನೆಯದು ಗೆರೆ ಹಿಡಿದು ನಡೆಯುವುದು. ಮ್ಯಾಪಿನ ಮೇಲೆ ಮನಸ್ಸಿಗೆ ಬಂದಂತೆ ಒಂದು ಸೊಟ್ಟ ಗೆರೆ ಎಳೆಯಿರಿ. ದಾರಿಗಳನ್ನು ಬೇಕೆಂದೇ ತಪ್ಪಿಸಿ, ಏಣು ಹತ್ತಿ ಕೊಳ್ಳಕ್ಕೆ ಇಳಿದು, ಒಂದು ಬಂಡೆಯ ಪಕ್ಕ ಹಾದುಹೋಗುವಂತಿರಲಿ. ಈಗ ಆ ಗೆರೆಯ ಮೇಲೇ ಹೋಗಿ. ಸುಮ್ನೆ ನೋಡಿದರೆ ಮಕ್ಕಳಾಟ. ಮಾಡಿ ನೋಡಿದರೆ ಗೊತ್ತಾಗುತ್ತದೆ, ಕಂದು ಗೆರೆಗಳನ್ನು ಎಷ್ಟು ಕಡಿಮೆ ಓದುತ್ತಿದ್ದೆವು ಎಂದು. ದಾರಿ, ಬೇಲಿ, ಹಳ್ಳ ಇವು ಕಣ್ಣಿಗೆ ಬೀಳುತ್ತವೆ, ಯಾರು ಬೇಕಾದರೂ ಓದುತ್ತಾರೆ. ಕಾಂಟೂರ್ ಓದುವವರು ಮಾತ್ರ ಕಷ್ಟದ ಕೋರ್ಸಿನಲ್ಲಿ ಉಳಿಯುತ್ತಾರೆ. 5 ಮೀಟರ್ ಅಂತರದ ಕಾಂಟೂರ್ ಎಂದರೆ ಎರಡು ಗೆರೆಗಳ ನಡುವೆ ಹೆಚ್ಚುಕಮ್ಮಿ ಒಂದೂವರೆ ಮಹಡಿಯಷ್ಟು ಏರು. ನಿಮ್ಮ ಕಣ್ಣಿಗೆ ಅದು ನೆಲದಲ್ಲಿ ಹೇಗೆ ಕಾಣುತ್ತದೆ ಎಂಬುದನ್ನು ಇವತ್ತೇ ಪಳಗಿಸಿಕೊಳ್ಳಿ. ಏಣು ಮತ್ತು ಕೊಳ್ಳ ಎರಡೂ ಮ್ಯಾಪಿನಲ್ಲಿ ಒಂದೇ ರೀತಿಯ ಬಾಗು, ಯಾವುದು ಮೇಲು ಯಾವುದು ಕೆಳಗು ಎಂಬುದನ್ನು ಹತ್ತಿರದ ನೀರು ನೋಡಿ ತೀರ್ಮಾನಿಸಿ. ನೀರು ಹರಿಯುವುದು ಕೊಳ್ಳದಲ್ಲೇ ಅಲ್ವಾ.

ಮೂರನೆಯದು ಹೆಜ್ಜೆ ಎಣಿಕೆ. ಮ್ಯಾಪಿನಲ್ಲಿ ಅಳೆದು ಸರಿಯಾಗಿ 100 ಮೀಟರ್ ಇರುವ ಒಂದು ದಾರಿಯ ತುಂಡು ಹುಡುಕಿ, ಬಲಗಾಲು ಊರಿದಾಗಲೆಲ್ಲ ಒಂದು ಎಣಿಸುತ್ತಾ ಓಡಿ. ಸಮತಟ್ಟು ದಾರಿಯಲ್ಲಿ ಸಾಮಾನ್ಯವಾಗಿ 40ರ ಆಸುಪಾಸು ಬರುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಥರ. ಅದೇ ದೂರವನ್ನು ಕಾಡಿನೊಳಗೆ, ಆಮೇಲೆ ಏರಿನಲ್ಲಿ ಎಣಿಸಿ. ಎಣಿಕೆ ಗಣನೀಯವಾಗಿ ಏರುತ್ತದೆ. ಮೂರು ಸಂಖ್ಯೆ ನೆನಪಿಟ್ಟುಕೊಂಡರೆ ಸಾಕು. ರೇಸಿನಲ್ಲಿ ಪ್ರತಿ ಹೆಜ್ಜೆಯನ್ನೂ ಎಣಿಸಿ ಎಂದು ನಾನು ಹೇಳುವುದಿಲ್ಲ, ತಲೆ ಕೆಡುತ್ತದೆ. ಅಟ್ಯಾಕ್ ಪಾಯಿಂಟಿನಿಂದ ಕಂಟ್ರೋಲಿಗೆ ಹೋಗುವ ಕೊನೆಯ ತುಣುಕಿಗೆ ಮಾತ್ರ ಇದು ಚಿನ್ನ.

ವಸಂತದ ಕಾಡು ಮ್ಯಾಪಿಗಿಂತ ಸ್ವಲ್ಪ ಬೇರೆ ಇರುತ್ತದೆ ಎಂಬುದನ್ನೂ ಗಮನಿಸುತ್ತಾ ಬನ್ನಿ. ಹೋದ ವರ್ಷದ ಜರೀಗಿಡ ಒಣಗಿ ನೆಲಕ್ಕೆ ಒರಗಿರುತ್ತದೆ, ಎಲೆ ಉದುರಿದ ಪೊದೆಗಳು ಇನ್ನೂ ತುಂಬಿಕೊಂಡಿರುವುದಿಲ್ಲ, ಹಾಗಾಗಿ ತೆಳು ಹಸಿರು ಎಂದು ತೋರಿಸಿರುವ ಜಾಗ ಬಹಳಷ್ಟು ಸಲ ಆರಾಮಾಗಿ ಓಡಲು ಬರುತ್ತದೆ. ದೂರದವರೆಗೆ ಕಣ್ಣೂ ಹರಿಯುತ್ತದೆ. ಅದಕ್ಕೆ ತದ್ವಿರುದ್ಧವಾಗಿ ನೀಲಿ ಬಣ್ಣವನ್ನು ನಂಬುವ ಹಾಗಿಲ್ಲ. ಹಿಮ ಕರಗಿದ ನೀರು, ಮಳೆ ನೀರು ಸೇರಿ ಸಣ್ಣ ತೊರೆ ಮೊಣಕಾಲುದ್ದ ಆಗಿರಬಹುದು, ಜೌಗು ನೆಲ ಕಾಲನ್ನು ಹಿಡಿದುಕೊಳ್ಳುತ್ತದೆ. ಚಳಿ ಜಾಸ್ತಿ ಇರುವ ಪ್ರದೇಶಗಳಲ್ಲಿ ಬಿಸಿಲು ಬೀಳದ ಇಳಿಜಾರುಗಳಲ್ಲಿ ಹಿಮ ಇನ್ನೂ ಕೂತಿರುತ್ತದೆ. ಇವತ್ತು ಒಂದು ಹಸಿರು ತುಂಡಿಗೂ ಒಂದು ಜೌಗಿಗೂ ಬೇಕೆಂದೇ ಕಾಲಿಟ್ಟು ಪರೀಕ್ಷೆ ಮಾಡಿದರೆ ಭಾನುವಾರ ದಾರಿ ಆರಿಸುವಾಗ ಊಹೆ ಮಾಡಬೇಕಾಗುವುದಿಲ್ಲ.

ಬುಧವಾರ: ಸಂಜೆಯ ಸ್ಪ್ರಿಂಟ್

ಹಗಲು ಉದ್ದವಾಗತೊಡಗಿದ ಕೂಡಲೇ ಕ್ಲಬ್ಬುಗಳು ಕೆಲಸ ಮುಗಿದ ಮೇಲೆ ಓಡಲು ಸಣ್ಣ ಸ್ಪ್ರಿಂಟ್ ಇಡುತ್ತವೆ. ಇದನ್ನು ವಾರದ ವೇಗದ ತರಬೇತಿ ಎಂದುಕೊಳ್ಳಿ, ಬೇರೆ ಇಂಟರ್ವಲ್ ಓಟ ಬೇಡ. ದೊಡ್ಡ ಕೂಟಗಳಲ್ಲಿ ಗೆಲ್ಲುವವರು 12ರಿಂದ 15 ನಿಮಿಷದಲ್ಲಿ ಮುಗಿಸುವಂತೆ ಸ್ಪ್ರಿಂಟ್ ಕೋರ್ಸ್ ಹಾಕುತ್ತಾರೆ. ನಿಮಗೆ ಇಪ್ಪತ್ತೈದು ನಿಮಿಷ ಹಿಡಿದರೂ ಕಾಲಿಗೆ ಆಗುವ ಕೆಲಸ ಸಾಕಷ್ಟೇ.

ಸ್ಪ್ರಿಂಟಿನಲ್ಲಿ ಕಂಟ್ರೋಲ್ ಹುಡುಕುವುದು ಕಷ್ಟವಲ್ಲ, ಅಲ್ಲಿಗೆ ಹೋಗುವ ದಾರಿ ಕಷ್ಟ. ಗೋಡೆ ಯಾವ ಕಡೆ ತೆರೆದಿದೆ, ಮೆಟ್ಟಿಲು ಎಲ್ಲಿದೆ, ಕಟ್ಟಡದ ಕೆಳಗೆ ದಾಟಬಹುದಾ? ದಪ್ಪ ಕಪ್ಪು ಗೆರೆಯ ಗೋಡೆ ಎಂದರೆ ದಾಟುವಂತಿಲ್ಲ ಎಂದರ್ಥ. ನಿಮ್ಮ ಸೊಂಟದಷ್ಟೇ ಎತ್ತರ ಇದ್ದರೂ, ಹಾರಲು ಬರುತ್ತಿದ್ದರೂ, ಹಾರಿದರೆ ಔಟ್. ಆಲಿವ್ ಹಸಿರು ಬಣ್ಣದ ಜಾಗಕ್ಕೂ ಅದೇ ನಿಯಮ. ಕಂಟ್ರೋಲಿನಿಂದ ಹಿಂದಕ್ಕೆ ದಾರಿ ಓದುವ ಅಭ್ಯಾಸ ಮಾಡಿಕೊಳ್ಳಿ: ಬಾವುಟ ಇರುವ ಮೂಲೆಗೆ ಒಳಹೋಗುವ ಬಾಗಿಲು ಯಾವುದು, ಆ ಬಾಗಿಲಿಗೆ ಎಡದಿಂದ ಹತ್ತಿರವಾ ಬಲದಿಂದ ಹತ್ತಿರವಾ, ಹೀಗೆ. ಮುಂದಿನಿಂದ ಓದಲು ಶುರು ಮಾಡಿದರೆ ಕಣ್ಣಿಗೆ ಕಂಡ ಮೊದಲ ಓಣಿಗೇ ನುಗ್ಗಿಬಿಡುತ್ತೇವೆ.

ಇನ್ನೊಂದು. ಪಂಚ್ ಮಾಡಿದ ಮೇಲೆ ಯಾವ ಕಡೆ ಓಡಬೇಕೆಂಬುದು ಪಂಚ್ ಮಾಡುವ ಮುಂಚೆಯೇ ಗೊತ್ತಿರಬೇಕು. ಕಂಟ್ರೋಲಿನಲ್ಲಿ ನಿಂತು ಮ್ಯಾಪ್ ಓದುವವರು ಪ್ರತಿ ಸಲ ಐದು ಸೆಕೆಂಡು ಬಿಟ್ಟರೂ 20 ಕಂಟ್ರೋಲಿಗೆ 100 ಸೆಕೆಂಡು. ಹದಿನೈದು ನಿಮಿಷದ ಓಟದಲ್ಲಿ ಅದು ಬಹಳ ದೊಡ್ಡ ಮೊತ್ತ. ಇವತ್ತಿನ ಒಂದೇ ಗುರಿ ಇದಾಗಿದ್ದರೂ ಸಾಕು.

ಗುರುವಾರ: ಅರ್ಧ ಗಂಟೆ ಹಗುರ ಓಟ

ಯಾವುದೋ ಒಂದು ಮ್ಯಾಪ್ ಕೈಯಲ್ಲಿ ಹಿಡಿದು ಗೊತ್ತಿರುವ ದಾರಿಯಲ್ಲಿ ಮೆಲ್ಲಗೆ ಓಡಿ. ಮ್ಯಾಪಿಗೂ ಓಡುವ ಜಾಗಕ್ಕೂ ಸಂಬಂಧ ಇರಬೇಕಿಲ್ಲ. ಎರಡು ಸೆಕೆಂಡು ಮ್ಯಾಪ್, ಆಮೇಲೆ ತಲೆ ಎತ್ತಿ ದಾರಿ, ಮತ್ತೆ ಎರಡು ಸೆಕೆಂಡು ಮ್ಯಾಪ್. ಕಂಡದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದೇ ಇಲ್ಲಿನ ಅಭ್ಯಾಸ.

ಮನೆಗೆ ಬಂದು ಕಂಟ್ರೋಲ್ ವಿವರಣೆಯ ಚಿಹ್ನೆಗಳನ್ನು ಒಮ್ಮೆ ನೋಡಿ. ಇದು ಜಗತ್ತಿನಾದ್ಯಂತ ಒಂದೇ, ಭಾಷೆ ಬಾರದಿದ್ದರೂ ನಡೆಯುತ್ತದೆ. ಎಂಟು ಕಾಲಂ ಇರುತ್ತವೆ. ಮೊದಲನೆಯದು ಕಂಟ್ರೋಲಿನ ಕ್ರಮ ಸಂಖ್ಯೆ, ಎರಡನೆಯದು ಅದರ ಕೋಡ್. ಕೋಡ್ 31ರಿಂದ ಶುರುವಾಗುತ್ತದೆ, ಕ್ರಮ ಸಂಖ್ಯೆ ಜೊತೆ ಗೊಂದಲ ಆಗಬಾರದೆಂದು. ಆಮೇಲೆ ಒಂದೇ ಥರದ ಹಲವು ವಸ್ತುಗಳಲ್ಲಿ ಯಾವುದು ಎಂಬುದು, ಆ ವಸ್ತು ಏನು, ಹೇಗಿದೆ, ಎಷ್ಟು ದೊಡ್ಡದು, ಬಾವುಟ ಅದರ ಯಾವ ಮಗ್ಗುಲಿಗೆ ಇದೆ, ಕೊನೆಗೆ ಬೇರೆ ಮಾಹಿತಿ. ಜನ ಉದಾಸೀನ ಮಾಡುವುದು ಏಳನೆಯ ಕಾಲಂ. ಎರಡು ಮೀಟರ್ ಎತ್ತರದ ಬಂಡೆ, ಬಾವುಟ ಈಶಾನ್ಯ ಮಗ್ಗುಲಿಗೆ ಎಂದಿದ್ದರೆ ನೈಋತ್ಯದಿಂದ ಬರುವವರಿಗೆ ಬಾವುಟ ಕಾಣುವುದೇ ಇಲ್ಲ, ಬಂಡೆಯನ್ನು ಸುತ್ತಿ ಹೋಗಬೇಕು. ಇದು ಗೊತ್ತಿಲ್ಲದೆ ಬಂಡೆಯನ್ನೇ ಮುಟ್ಟಿ ಇಲ್ಲಿಲ್ಲ ಎಂದು ಹೊರಟುಹೋಗುವವರಿದ್ದಾರೆ.

ಶುಕ್ರವಾರ: ಚೀಲ ಕಟ್ಟುವ ದಿನ

ಓಟ ಬೇಡ. ಬೇಕೇ ಬೇಕು ಅನ್ನಿಸಿದರೆ ಹದಿನೈದು ನಿಮಿಷ. ಹಲ್ಲುಗಳಿರುವ ಕಾಡು ಶೂ, ಅದರ ದಾರ ಗಟ್ಟಿ ಇದೆಯೇ ನೋಡಿ. ಕಾಲು ಪೂರ್ತಿ ಮುಚ್ಚುವ ಪ್ಯಾಂಟ್, ಮುಳ್ಳಿಗೂ ಉಣುಗಿಗೂ ಇದೇ ಮದ್ದು. ಕೆಲವು ಕೂಟಗಳಲ್ಲಿ ಅದು ಕಡ್ಡಾಯವೂ ಹೌದು. ಸೀಟಿ ಮರೆಯಬೇಡಿ. ಅಪಾಯದಲ್ಲಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಪಂಚಿಂಗ್ ಕಾರ್ಡ್, ಅದರ ಸಂಖ್ಯೆ ನೋಂದಣಿಯಲ್ಲಿ ಕೊಟ್ಟದ್ದೇ ತಾನೇ? ಎರಡು ದಿನದ ರೇಸಾದ್ದರಿಂದ ಎರಡು ಜೊತೆ ಬಟ್ಟೆ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಶೂ ಒಳಗೆ ತುರುಕಲು ಹಳೆ ಪತ್ರಿಕೆ.

ಕಂಪಾಸನ್ನು ಫೋನಿನ ಜೊತೆ ಒಂದೇ ಜೇಬಿನಲ್ಲಿ ಇಡಬೇಡಿ. ಫೋನಿನ ಸ್ಪೀಕರ್, ಅದರ ಕವರಿನ ಆಯಸ್ಕಾಂತ ಇವೆಲ್ಲ ಸೇರಿ ಮುಳ್ಳಿನ ಧ್ರುವವನ್ನೇ ಅದಲುಬದಲು ಮಾಡಬಲ್ಲವು, ಆಗ ಕೆಂಪು ತುದಿ ದಕ್ಷಿಣ ತೋರಿಸುತ್ತದೆ. ಹೊರಡುವ ಮುಂಚೆ ಇನ್ನೊಂದು ಕಂಪಾಸಿನ ಜೊತೆ ಹೋಲಿಸಿ ನೋಡಿ, ಆದರೆ ಎರಡನ್ನೂ ಒಂದಕ್ಕೊಂದು ದೂರ ಹಿಡಿದು.

ಶನಿವಾರ: ಮಿಡ್ಲ್

ಮಿಡ್ಲ್ ಎಂದರೆ ಕಂಟ್ರೋಲುಗಳು ಹತ್ತಿರ ಹತ್ತಿರ, ನೆಲ ಜಟಿಲ, ದಿಕ್ಕು ಮತ್ತೆ ಮತ್ತೆ ಬದಲು. ಉನ್ನತ ಮಟ್ಟದಲ್ಲಿ 30ರಿಂದ 35 ನಿಮಿಷದ ಆಟ. ಇಲ್ಲಿ ಗೆಲ್ಲುವುದು ತಪ್ಪು ಕಡಿಮೆ ಮಾಡಿದವರು.

ಸ್ಟಾರ್ಟಿಗೆ ಬೇಗ ಹೋಗಿ. ಎಲೆಕ್ಟ್ರಾನಿಕ್ ಕಾರ್ಡಾದರೆ ಮೊದಲು ಕ್ಲಿಯರ್ ಪೆಟ್ಟಿಗೆ, ಬೀಪ್ ಬರುವವರೆಗೂ ಇಡಬೇಕು, ಆಮೇಲೆ ಚೆಕ್ ಪೆಟ್ಟಿಗೆ. ಮುಟ್ಟಿಸದೆ ಹತ್ತಿರ ತಂದರೇ ಪಂಚ್ ಆಗುವ ಕಾರ್ಡಾದರೆ ಚೆಕ್ ಪೆಟ್ಟಿಗೆಯೇ ಅದನ್ನು ಆನ್ ಮಾಡುವುದು, ಆ ಹೆಜ್ಜೆ ಬಿಟ್ಟರೆ ಕಾಡಿನಲ್ಲಿ ಅದು ಸುಮ್ಮನಿರುತ್ತದೆ. ಮ್ಯಾಪ್ ಕೈಗೆ ಸಿಗುವುದು ನಿಮ್ಮ ಸಮಯ ಶುರುವಾದಾಗ. ಸಿಕ್ಕ ಕೂಡಲೇ ಓಡಬೇಡಿ. ಮ್ಯಾಪಿನಲ್ಲಿ ಕೋರ್ಸ್ ಶುರುವಾಗುವ ಜಾಗ ತೋರಿಸುವ ತ್ರಿಕೋನ ಹುಡುಕಿ, ಮ್ಯಾಪ್ ಉತ್ತರಕ್ಕೆ ಹೊಂದಿಸಿ, ಒಂದನೇ ಕಂಟ್ರೋಲಿಗೆ ದಾರಿ ನಿರ್ಧರಿಸಿ, ಆಮೇಲೆ ಹೊರಡಿ. ತ್ರಿಕೋನ ಎಂದರೆ ಗಡಿಯಾರ ಶುರುವಾಗುವ ಜಾಗವೇ ಆಗಬೇಕಿಲ್ಲ, ಅಲ್ಲಿಂದ ಸ್ವಲ್ಪ ಮುಂದೆ ಬಾವುಟ ನೆಟ್ಟ ಜಾಗ ಇರಬಹುದು, ಅಲ್ಲಿಯವರೆಗೂ ಪಟ್ಟಿ ಕಟ್ಟಿರುತ್ತಾರೆ.

ಒಂದನೇ ಕಂಟ್ರೋಲಿಗೆ ನಿಮ್ಮ ವೇಗದ ಮುಕ್ಕಾಲು ಭಾಗ ಸಾಕು. ಮ್ಯಾಪ್ ಮಾಡಿದವರು ಬಂಡೆಯನ್ನು ಎಷ್ಟು ಚಿಕ್ಕದಿದ್ದರೂ ಹಾಕಿದ್ದಾರಾ, ದೊಡ್ಡದನ್ನು ಮಾತ್ರ ಹಾಕಿದ್ದಾರಾ, ಅವರ ಹಸಿರು ನಿಜಕ್ಕೂ ಎಷ್ಟು ಹಸಿರು, ಇದೆಲ್ಲ ಅರಿವಾಗಲು ಒಂದು ಲೆಗ್ ಬೇಕು. ಆಮೇಲೆ ಪ್ರತಿ ಲೆಗ್ಗನ್ನೂ ಎರಡು ಭಾಗ ಮಾಡಿ. ಅಟ್ಯಾಕ್ ಪಾಯಿಂಟಿನವರೆಗೆ ದೊಡ್ಡ ಗುರುತುಗಳನ್ನು ಮಾತ್ರ ನೋಡುತ್ತಾ ಧೈರ್ಯವಾಗಿ ಓಡಿ, ಸಣ್ಣಪುಟ್ಟ ವಿವರ ಬಿಟ್ಟುಬಿಡಿ. ಅಲ್ಲಿಂದ ಮುಂದೆ ಬ್ರೇಕ್ ಹಾಕಿ, ಕಂಪಾಸ್ ನೋಡಿ, ಪ್ರತಿ ವಿವರವನ್ನೂ ಓದಿ. ಇದನ್ನು ಉಲ್ಟಾ ಮಾಡುವವರೇ ಜಾಸ್ತಿ. ದೂರದಲ್ಲಿ ಅನುಮಾನಪಡುತ್ತಾ ನಿಧಾನ, ಹತ್ತಿರ ಬಂದ ಖುಷಿಯಲ್ಲಿ ಜೋರು. ಬಾವುಟ 30 ಸೆಂಟಿಮೀಟರ್ ಅಗಲದ ಕಿತ್ತಳೆ ಬಿಳಿ ಚೌಕ, ಕೊಳ್ಳದೊಳಗೆ ಇಟ್ಟಿದ್ದರೆ ಇಪ್ಪತ್ತು ಮೀಟರ್ ಪಕ್ಕದಲ್ಲಿ ಹೋದರೂ ಕಾಣುವುದಿಲ್ಲ.

ಕಂಟ್ರೋಲ್ ಒಂದು ತೊರೆಯ ಅಥವಾ ದಾರಿಯ ಮೇಲಿದ್ದರೆ ನೇರ ಅದಕ್ಕೇ ಗುರಿ ಇಡಬೇಡಿ. ಬೇಕೆಂದೇ ಸ್ವಲ್ಪ ಎಡಕ್ಕೆ ಹೋಗಿ ತೊರೆ ಮುಟ್ಟಿದರೆ ಬಲಕ್ಕೆ ತಿರುಗಬೇಕೆಂದು ಖಚಿತ. ನೇರ ಹೋಗಿ ಬಾವುಟ ಸಿಗದಿದ್ದರೆ ಎಡವೋ ಬಲವೋ ಎಂದು ನಿಲ್ಲಬೇಕಾಗುತ್ತದೆ. ಬಾವುಟ ಕಂಡ ಕೂಡಲೇ ಪಂಚ್ ಮಾಡದೆ ಕೋಡ್ ನೋಡಿ. ಅಕ್ಕಪಕ್ಕದಲ್ಲಿ ಬೇರೆ ಕೋರ್ಸಿನ ಬಾವುಟಗಳೂ ಇರುತ್ತವೆ. ಪೆಟ್ಟಿಗೆ ಬೀಪ್ ಅನ್ನದಿದ್ದರೆ, ದೀಪವೂ ಮಿನುಗದಿದ್ದರೆ ಅಲ್ಲೇ ಕಟ್ಟಿರುವ ಸೂಜಿ ಪಂಚಿನಿಂದ ಮ್ಯಾಪಿನ ಅಂಚಿನ ಚೌಕದಲ್ಲಿ ತೂತು ಮಾಡಿಕೊಳ್ಳಿ, ಅದೇ ಸಾಕ್ಷಿ.

ದಾರಿ ತಪ್ಪಿದರೆ? ತಪ್ಪೇ ತಪ್ಪುತ್ತದೆ, ಒಂದಲ್ಲ ಒಂದು ಸಲ. ಮೊದಲು ನಿಲ್ಲಿ, ನಿಜವಾಗಿಯೂ ನಿಲ್ಲಿ. ಓಡುತ್ತಾ ಯೋಚಿಸಿದರೆ ಕಂಡದ್ದನ್ನೆಲ್ಲ ಮ್ಯಾಪಿಗೆ ಒತ್ತಾಯದಿಂದ ಹೊಂದಿಸಿಬಿಡುತ್ತೇವೆ. ಈ ಬಂಡೆ ಅದೇ ಇರಬೇಕು, ದಾರಿ ಮಾಸಿಹೋಗಿರಬೇಕು, ಹೀಗೆ. ಮ್ಯಾಪ್ ಉತ್ತರಕ್ಕೆ ಹೊಂದಿಸಿ. ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗ ಯಾವುದು, ಅಲ್ಲಿಂದ ಯಾವ ದಿಕ್ಕಿಗೆ ಎಷ್ಟು ನಿಮಿಷ ಓಡಿದೆ, ಹತ್ತಿದೆನೋ ಇಳಿದೆನೋ? ಉತ್ತರ ಹೊಂದದಿದ್ದರೆ ಹತ್ತಿರದ ದೊಡ್ಡ ಗುರುತಿಗೆ, ಒಂದು ದಾರಿ, ಗುಡ್ಡದ ತುದಿ ಅಥವಾ ಬಯಲಿನ ಮೂಲೆಗೆ ಹೋಗಿ ಅಲ್ಲಿಂದ ಹೊಸದಾಗಿ ಶುರು ಮಾಡಿ. ಎರಡು ನಿಮಿಷ ಹೋದರೂ ಹತ್ತು ನಿಮಿಷ ಉಳಿಯುತ್ತದೆ. ಬೇರೆಯವರ ಹಿಂದೆ ಮಾತ್ರ ಓಡಬೇಡಿ. ಅವರ ಕೋರ್ಸ್ ಬೇರೆ ಇರಬಹುದು, ಅವರೂ ದಾರಿ ತಪ್ಪಿರಬಹುದು.

ಯಾರಾದರೂ ಗಾಯಗೊಂಡು ಬಿದ್ದಿದ್ದರೆ ನಿಮ್ಮ ರೇಸ್ ಅಲ್ಲಿಗೇ ನಿಂತಿತು. ಇದು ನಿಯಮವೂ ಹೌದು. ಹಾಗೆಯೇ ಅರ್ಧಕ್ಕೆ ಬಿಟ್ಟರೂ ಫಿನಿಶಿಗೆ ಬಂದು ಕಾರ್ಡ್ ಡೌನ್‌ಲೋಡ್ ಮಾಡಿಸಲೇಬೇಕು. ನೀವು ಮನೆಗೆ ಹೋಗಿ ಮಲಗಿದ್ದರೆ ಇಲ್ಲಿ ಕತ್ತಲಲ್ಲಿ ಕಾಡು ಜಾಲಾಡುತ್ತಿರುತ್ತಾರೆ.

ಮುಗಿದ ಕೂಡಲೇ ಒದ್ದೆ ಬಟ್ಟೆ ಬದಲಿಸಿ, ಏನಾದರೂ ತಿನ್ನಿ, ಅಲ್ಲೇ ಕೂತು ನೀವು ನಿಜವಾಗಿ ಹೋದ ದಾರಿಯನ್ನು ಪೆನ್ನಿನಲ್ಲಿ ಮ್ಯಾಪಿನ ಮೇಲೆ ಎಳೆಯಿರಿ. ಗಡಿಯಾರದ ಜಿಪಿಎಸ್ ನೋಡುವ ಮುಂಚೆಯೇ ಎಳೆಯಬೇಕು. ನೀವು ಎಳೆದದ್ದಕ್ಕೂ ಜಿಪಿಎಸ್ ತೋರಿಸುವುದಕ್ಕೂ ಇರುವ ವ್ಯತ್ಯಾಸವೇ ನಿಮಗೆ ಬೇಕಾದ ಪಾಠ.

ಭಾನುವಾರ: ಲಾಂಗ್

ಕಾಲು ಭಾರ, ಅದು ಎಲ್ಲರಿಗೂ. ಲಾಂಗಿನಲ್ಲಿ ದಾರಿ ಆರಿಸುವುದೇ ಮುಖ್ಯ ಕೆಲಸ. ಒಂದೊಂದು ಲೆಗ್ ಎರಡು ಕಿಲೋಮೀಟರ್ ಇರಬಹುದು, ನೇರ ಹೋಗಬೇಕಾ ಸುತ್ತಿ ಹೋಗಬೇಕಾ ಎಂಬ ಪ್ರಶ್ನೆ. ಒಂದು ಒರಟು ಲೆಕ್ಕ ಇದೆ: 1 ಮೀಟರ್ ಏರಿಗೆ ಸಮತಟ್ಟಿನ 8 ಮೀಟರ್ ಎಂದು ಹಿಡಿಯಿರಿ. ನೇರ ಹೋದರೆ 1200 ಮೀಟರ್ ದೂರ, 16 ಕಾಂಟೂರ್ ಹತ್ತಬೇಕು, ಅಂದರೆ 80 ಮೀಟರ್ ಏರು. ಆ ಏರಿಗಾಗಿ 640 ಮೀಟರನ್ನು 1200ಕ್ಕೆ ಸೇರಿಸಿದರೆ ಒಟ್ಟು 1840. ದಾರಿ ಹಿಡಿದು ಸುತ್ತಿದರೆ 1700 ಮೀಟರ್, ಎರಡೇ ಕಾಂಟೂರ್, ಒಟ್ಟು 1780. ಎರಡೂ ಬಹುತೇಕ ಸಮ. ಹಾಗಿದ್ದರೆ ಸುತ್ತಿನ ದಾರಿಯೇ ನನ್ನ ಆಯ್ಕೆ, ಏಕೆಂದರೆ ದಾರಿಯಲ್ಲಿ ಓಡುವಾಗ ಮುಂದಿನ ಮೂರು ಲೆಗ್ ಓದಿಕೊಳ್ಳಬಹುದು, ತಪ್ಪುವ ಭಯವೂ ಇಲ್ಲ. ಕಾಡು ಬಿಳಿಯಾಗಿದ್ದು ಕಾಲು ಇನ್ನೂ ತಾಜಾ ಇದ್ದರೆ ನೇರ ಹೋಗಿ. ವಸಂತದಲ್ಲಿ ಈ ಲೆಕ್ಕಕ್ಕೆ ನೀರನ್ನೂ ಸೇರಿಸಬೇಕು. ನೇರ ದಾರಿ ಜೌಗಿನ ಮೂಲಕ ಹೋಗುತ್ತಿದ್ದರೆ ಅಥವಾ ತೊರೆ ದಾಟಲು ಸೇತುವೆ ದೂರ ಇದ್ದರೆ ಸುತ್ತಿನ ದಾರಿ ಸಲೀಸಾಗಿ ಗೆಲ್ಲುತ್ತದೆ.

ದೊಡ್ಡ ಲೆಗ್ಗಿನ ದಾರಿಯನ್ನು ಆ ಕಂಟ್ರೋಲಿಗೆ ಬಂದ ಮೇಲೆ ಆರಿಸಬೇಡಿ, ಅದಕ್ಕೂ ಹಿಂದಿನ ಸುಲಭದ ಲೆಗ್ಗಿನಲ್ಲೇ ಆರಿಸಿಡಿ. ಒಮ್ಮೆ ಆರಿಸಿದ ಮೇಲೆ ಅದನ್ನೇ ಹಿಡಿಯಿರಿ. ನಡುವೆ ಮನಸ್ಸು ಬದಲಿಸುವುದು ಕೆಟ್ಟ ದಾರಿಗಿಂತಲೂ ದುಬಾರಿ. ಒಂದು ಗಂಟೆಗಿಂತ ಜಾಸ್ತಿ ಹೊರಗಿರುವವರು ಕುಡಿಯಲು ಸಿಕ್ಕಲ್ಲೆಲ್ಲ ಕುಡಿಯಿರಿ, ಒಂದು ಜೆಲ್ ಇಟ್ಟುಕೊಂಡಿರಿ. ಸುಸ್ತಾದಾಗ ಕಾಲಿಗಿಂತ ಮೊದಲು ಕೆಡುವುದು ಓದು. ಕೊನೆಯ ಮೂರನೇ ಒಂದು ಭಾಗದಲ್ಲಿ ಅಟ್ಯಾಕ್ ಪಾಯಿಂಟ್ ಬಿಟ್ಟು ನೇರ ಕಂಟ್ರೋಲಿಗೆ ನುಗ್ಗುವ ಆಸೆ ಆಗುತ್ತದೆ, ಆಗ ಬೇಕೆಂದೇ ಇನ್ನೂ ದೊಡ್ಡ, ಇನ್ನೂ ಸುಲಭದ ಅಟ್ಯಾಕ್ ಪಾಯಿಂಟ್ ಆರಿಸಿ.

ಮನೆಗೆ ಬಂದ ಮೇಲೆ

ಸ್ನಾನ ಮಾಡುವಾಗ ಉಣುಗು ಹುಡುಕಿ. ಮೊಣಕಾಲಿನ ಹಿಂದೆ, ತೊಡೆ ಸಂದಿ, ಕಂಕುಳು, ಕೂದಲಿನ ಅಂಚು. ಮರಿಗಳು ಗಸಗಸೆ ಕಾಳಿನಷ್ಟೇ ಇರುತ್ತವೆ. ಸಿಕ್ಕಿದರೆ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರ ಎಳೆಯಿರಿ, ಎಣ್ಣೆ ಹಚ್ಚುವುದು, ಸುಡುವುದು ಮಾಡಬೇಡಿ. ಮುಂದಿನ ದಿನಗಳಲ್ಲಿ ಅಲ್ಲಿ ಕೆಂಪು ಉಂಗುರ ಹರಡಿದರೆ ಅಥವಾ ಜ್ವರ ಬಂದರೆ ವೈದ್ಯರಿಗೆ ತೋರಿಸಿ.

ಸೋಮವಾರ ಸ್ಪ್ಲಿಟ್, ಅಂದರೆ ಪ್ರತಿ ಲೆಗ್ಗಿಗೆ ಹಿಡಿದ ಸಮಯ ನೋಡಿ. ಪಟ್ಟಿಯ ಸ್ಥಾನ ನೋಡಿ ಸುಖದುಃಖ ಪಡುವುದರಲ್ಲಿ ಅರ್ಥವಿಲ್ಲ. ನಿಮ್ಮ ಮಟ್ಟದವರ ಸಮಯದ ಪಕ್ಕ ನಿಮ್ಮದನ್ನು ಇಟ್ಟು, ಒಂದು ನಿಮಿಷಕ್ಕಿಂತ ಜಾಸ್ತಿ ಕಳೆದ ಲೆಗ್ಗುಗಳಿಗೆ ಗುರುತು ಹಾಕಿ. ಪ್ರತಿಯೊಂದರ ಪಕ್ಕ ಕಾರಣ ಬರೆಯಿರಿ: ಯೋಜನೆ ಇರಲಿಲ್ಲ, ದಿಕ್ಕು ತಪ್ಪಿತು, ದೂರ ತಪ್ಪು ಅಂದಾಜು, ಪಕ್ಕದ ಏಣನ್ನು ಇದೇ ಎಂದುಕೊಂಡೆ, ಬೇರೆಯವರ ಹಿಂದೆ ಹೋದೆ. ಎರಡು ರೇಸಿನಲ್ಲೂ ಒಂದೇ ಕಾರಣ ಮೇಲೆ ಬಂದರೆ ಮುಂದಿನ ಮಂಗಳವಾರದ ಅಭ್ಯಾಸ ಅದೇ. ದಿಕ್ಕು ತಪ್ಪಿದ್ದರೆ ಕಂಪಾಸ್ ಹಿಡಿದು ನೇರ ಹೋಗುವ ಸಣ್ಣ ಲೆಗ್ಗುಗಳು, ಏಣು ಅದಲುಬದಲಾಗಿದ್ದರೆ ಮತ್ತೆ ಸೊಟ್ಟ ಗೆರೆ. ಶೂ ಒಳಗಿನ ಪತ್ರಿಕೆ ಬದಲಿಸಿ, ಬಿಸಿಲಿಗೆ ಇಡಬೇಡಿ, ಅಂಟು ಬಿಡುತ್ತದೆ. ಕಾರ್ಡ್ ಬಾಡಿಗೆಗೆ ತಂದಿದ್ದರೆ ವಾಪಸ್ ಕೊಟ್ಟಿರಾ ಎಂದು ಜೇಬು ನೋಡಿಕೊಳ್ಳಿ.